ಡ್ರೈವರ್ ಇಲ್ಲದ ಲ್ಯಾಪ್‌ಟಾಪ್

ಪಕ್ಕದ ಮನೆಯವರ ಮೇಲೆ ನಾನು ಹೊರಿಸಿದ ಅಪವಾದಕ್ಕೆ ಲ್ಯಾಪ್‌ಟಾಪೇ ಕಾರಣ ಎಂದು ಮೊದಲು ಹೇಳಹೊರಟೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ.

ಕಾರ್ಕಳ–ಉಡುಪಿ ಬಸ್ಸು ಓಡಿಸಿ ನಿವೃತ್ತನಾದವನು ನಾನು. ಓದಿದ್ದು ಹೈಸ್ಕೂಲು. ಮಣಿಪಾಲದ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿರುವ ತಂಗಿ ತನ್ನ ಹಳೆಯ ಲ್ಯಾಪ್‌ಟಾಪನ್ನು ಇನ್ನಂಜೆಯ ನಮ್ಮ ಮನೆಗೆ ತಂದುಕೊಟ್ಟಳು. ಅದರಲ್ಲಿರುವುದು ವಿಂಡೋಸ್ ಅಲ್ಲ, ಲಿನಕ್ಸ್ ಅಂತೆ. ಪಕ್ಕದ ಮನೆಯ ಬಾಯಮ್ಮ, ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ನಾವು ಕರೆಯುವುದೇ ಹಾಗೆ, ತಾವಾಗಿ ವೈಫೈ ಪಾಸ್‌ವರ್ಡ್ ಕೊಟ್ಟರು. "ಡ್ರೈವರಣ್ಣ, ಹೇಗೂ ಗೋಡೆ ದಾಟಿ ಬರುತ್ತದೆ, ನೀವೂ ನೋಡಿ." ಸಂಜೆ ಯಕ್ಷಗಾನ ನೋಡುವ ಚಟ ಹತ್ತಿತು.

ಒಂದು ದಿನ ಅಪ್‌ಡೇಟ್ ಮಾಡಲೇ ಎಂದು ಅದು ಕೇಳಿತು. ಹೂಂ ಎಂದು ಒತ್ತಿದೆ. ಮುಚ್ಚಿ ತೆರೆದರೆ ವೈಫೈ ಗುರುತೇ ಮಾಯ. ಆ ವಾರವೇ ನಮ್ಮ ತೆಂಗಿನ ಮರದ ಮಡಲು ಬಾಯಮ್ಮನ ಅಂಗಳಕ್ಕೆ ಬಿದ್ದು ಸಣ್ಣ ಮಾತಾಗಿತ್ತು. ಸಿಟ್ಟಿಗೆ ಪಾಸ್‌ವರ್ಡ್ ಬದಲಾಯಿಸಿದ್ದಾರೆ ಎಂದುಕೊಂಡೆ. ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಹಾಲಿನ ಸೊಸೈಟಿಯಲ್ಲಿ, ಕ್ಯಾನು ಹಿಡಿದು ನಿಂತವರೆಲ್ಲರ ಎದುರು, "ಅವರ ಜನವೇ ಹಾಗೆ, ಕೊಟ್ಟು ಕಸಿದುಕೊಳ್ಳುವವರು" ಎಂದುಬಿಟ್ಟೆ. ಮಧ್ಯಾಹ್ನದೊಳಗೆ ಮಾತು ಅವರ ಕಿವಿಗೆ ಬಿತ್ತು.

ಆಮೇಲೆ ತಂಗಿಗೆ ಫೋನು ಮಾಡಿದೆ. ಕಪ್ಪು ಪರದೆಯಲ್ಲಿ ಏನೇನೋ ಟೈಪ್ ಮಾಡಿಸಿದಳು. ಬಂದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದೆ.

"ಕಾರ್ಡ್ ಉಂಟು, ಡ್ರೈವರ್ ಇಲ್ಲ" ಎಂದಳು.

"ನಾನು ಇಲ್ಲೇ ಇದ್ದೇನಲ್ಲ ಮಾರಾಯ್ತಿ!"

"ನೀನಲ್ಲ ಅಣ್ಣ! ವೈಫೈ ಕಾರ್ಡನ್ನು ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಅನ್ನುವುದು. ಅಪ್‌ಡೇಟ್ ಆದ ಮೇಲೆ ಹಳೆಯದು ಹೊಂದುತ್ತಿಲ್ಲ. ಹೊಸದನ್ನು ನೆಟ್‌ನಿಂದ ಇಳಿಸಬೇಕು."

"ನೆಟ್ ಇಲ್ಲದ್ದೇ ಅಲ್ವಾ ಕಥೆ?"

"ಯಾರದ್ದಾದರೂ ಸ್ಮಾರ್ಟ್‌ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸು. ಬಾಯಮ್ಮನ ಹತ್ತಿರ ಕೇಳು."

ನನಗೆ ತಲೆಬುಡ ತಿಳಿಯಲಿಲ್ಲ. "ಹಾಗಾದರೆ ಪಾಸ್‌ವರ್ಡ್?"

"ಅದಕ್ಕೆಂತ ಆಗಿದೆ? ಅದು ಬದಲಾದರೆ ವೈಫೈ ಗುರುತೇ ಮಾಯವಾಗುವುದಿಲ್ಲ."

ಎದ್ದು ಪಕ್ಕದ ಮನೆಗೆ ಹೋದೆ.

ಬಾಯಮ್ಮ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದರು. ಫೋನು, ಕೇಬಲ್ ಎರಡನ್ನೂ ತಂದುಕೊಟ್ಟರು. ಡ್ರೈವರಣ್ಣ ಎನ್ನಲಿಲ್ಲ.

"ತಪ್ಪಾಯಿತು" ಎಂದೆ.

"ನನ್ನ ಹತ್ತಿರ ಹೇಳಿ ಎಂತ ಮಾಡುವುದು? ಸೊಸೈಟಿಯಲ್ಲಿ ಹೇಳಿದ್ದನ್ನು ಸೊಸೈಟಿಯಲ್ಲೇ ಸರಿ ಮಾಡಿ."

ತಂಗಿ ಹೇಳಿದಂತೆ ಒತ್ತುತ್ತಾ ಹೋದೆ. ಹೇಗೆ ಸರಿಯಾಯಿತೋ ಗೊತ್ತಿಲ್ಲ, ವೈಫೈ ಬಂತು. ಹಳೆಯ ಪಾಸ್‌ವರ್ಡಿಗೇ ಬಂತು. ಆ ಸಂಜೆ ಯಕ್ಷಗಾನ ಹಾಕಲು ಮನಸ್ಸಾಗಲಿಲ್ಲ.

ಮರುದಿನ ಸೊಸೈಟಿಯ ಸಾಲಿನಲ್ಲಿ ಬಾಯಮ್ಮನೂ ಇದ್ದರು. ನಾನು ಕಾರ್ಡು, ಅಪ್‌ಡೇಟು ಎಂದು ಶುರುಮಾಡಿ ದಾರಿ ತಪ್ಪಿದೆ. ಯಾರಿಗೂ ಅರ್ಥವಾಗಲಿಲ್ಲ.

"ಒಟ್ಟಿನಲ್ಲಿ ತಪ್ಪು ಯಾರದ್ದು ಮಾರಾಯ್ರೆ?" ಎಂದು ಹಾಲು ಅಳೆಯುವವರು ಕೇಳಿದರು.

"ಡ್ರೈವರಿನದ್ದು" ಎಂದೆ.

ಎಲ್ಲರೂ ಗೊಳ್ಳೆಂದು ನಕ್ಕರು. ಲ್ಯಾಪ್‌ಟಾಪಿನ ಡ್ರೈವರಿನದ್ದು ಎಂದು ತಿದ್ದಲು ಬಾಯಿ ತೆರೆದವನು, "ಹೌದು, ಈ ಡ್ರೈವರಿನದ್ದೇ. ಅವರ ಜನವೇ ಹಾಗೆ ಎಂದದ್ದೂ ನಾನೇ. ಅದು ಸುಳ್ಳು" ಎಂದೆ. ನಗು ನಿಂತಿತು.

ಬಾಯಮ್ಮ ಕ್ಯಾನನ್ನು ಕಾಲಿನಿಂದ ಮುಂದಕ್ಕೆ ಸರಿಸಿದರು. "ಸಾಲು ಮುಂದೆ ಹೋಗಲಿ, ಡ್ರೈವರಣ್ಣ."

ಕ್ಷಮಿಸಿದರೋ, ಹಾಲಿಗೆ ತಡವಾಗುತ್ತದೆಂದು ಹಾಗೆ ಹೇಳಿದರೋ, ನನಗೆ ಇನ್ನೂ ಗೊತ್ತಾಗಿಲ್ಲ.