ಆಯುಧಪೂಜೆಯ ದಿನ ನಿಂತ ಪಂಪು

ಮನೆಗೆ ಬಂದವರಿಗೆಲ್ಲ ನಾನು ಹೇಳುವ ಒಂದು ಕಥೆಯಿದೆ. ಎರಡು ವರ್ಷದ ಹಿಂದೆ ಆಯುಧಪೂಜೆಯ ದಿನ ನಮ್ಮ ಮಾವ ಮನೆಯ ಯಂತ್ರಗಳಿಗೆಲ್ಲ ವಿಶ್ರಾಂತಿ ಕೊಡುವ ಭರದಲ್ಲಿ ಅಕ್ವೇರಿಯಂನ ಪಂಪನ್ನೂ ಆಫ್ ಮಾಡಿ, ನನ್ನ ಮೊದಲ ಸಮುದ್ರದ ಮೀನನ್ನು ಇನ್ನೇನು ಸಾಯಿಸಿಯೇ ಬಿಡುವುದರಲ್ಲಿದ್ದರು ಎಂಬುದು ಆ ಕಥೆ. ಬಂದವರು ನಗುತ್ತಾರೆ. ಮಾವ ಪೇಪರಿನ ಹಿಂದೆ ಸುಮ್ಮನಿರುತ್ತಾರೆ. ಕಳೆದ ತಿಂಗಳು ಆ ವರ್ಷದ ಡೈರಿ ಸಿಕ್ಕಿತು. ಅಂದಿನಿಂದ ಕಥೆ ಸಲೀಸಾಗಿ ಬಾಯಿಗೆ ಬರುತ್ತಿಲ್ಲ. ಅದಕ್ಕೇ ಮೊದಲಿನಿಂದ ಬರೆದು ನೋಡುತ್ತಿದ್ದೇನೆ.

ಉಪ್ಪುನೀರಿನ ಟ್ಯಾಂಕ್ ಇಟ್ಟ ಕೂಡಲೇ ಮೀನು ಬಿಡುವ ಹಾಗಿಲ್ಲ. ನೀರು, ಕಲ್ಲು, ಮರಳು ಒಂದಕ್ಕೊಂದು ಹೊಂದಿಕೊಳ್ಳಲು ವಾರಗಟ್ಟಲೆ ಕಾಯಬೇಕು. ನಾನು ಓದಿದ್ದು ಒಂದೂವರೆ ತಿಂಗಳು ಎಂದು. ಹೆದರಿಕೆಯಿಂದ ಕಾದಿದ್ದು ನಾಲ್ಕು. ಬಸವೇಶ್ವರನಗರದ ನಮ್ಮ ಮನೆಯ ಹಾಲ್‌ನಲ್ಲಿ ಅಷ್ಟು ದಿನ ಕಲ್ಲುಗಳು ಮಾತ್ರ ಈಜುತ್ತಿದ್ದವು. ನೋಡಲು ಬಂದ ನೆಂಟರು ಬಗ್ಗಿ, ಎದ್ದು, ಇನ್ನೊಂದು ಪಕ್ಕದಿಂದ ಬಗ್ಗಿ, "ಮೀನು ಮಲಗಿದೆಯಾ?" ಎಂದು ಕೇಳುತ್ತಿದ್ದರು. ಮಾವ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡು, "ಸಾರಿಗಿಂತ ಉಪ್ಪು ಜಾಸ್ತಿ ಆಯ್ತಲ್ಲಮ್ಮ" ಎಂದಿದ್ದರು. ನಾಲ್ಕನೇ ತಿಂಗಳಿಗೆ ಗಾಜಿನ ಮೇಲೆಲ್ಲ ಹಸಿರು ಪಾಚಿ.

ವಿಜಯನಗರದ ಅಂಗಡಿಯಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸಿದೆ. ಅಂಗಡಿಯವನು ಅದನ್ನು ದೊಡ್ಡದು ಮಾಡಿ ನೋಡಿದ.

"ಮೇಡಂ, ಇದು ಟ್ಯಾಂಕಾ, ಲಾಲ್‌ಬಾಗಾ?"

ನಾನು ಮೂಲೆಯಲ್ಲಿದ್ದ ಅಪ್ಪಟ ನೀಲಿ ಮೀನಿನ ಕಡೆ ಕೈ ತೋರಿಸಿದೆ.

"ಅದು ಬೇಡ ಮೇಡಂ. ತಟ್ಟೆಯಷ್ಟು ದೊಡ್ಡದಾಗುತ್ತೆ. ನಿಮ್ಮ ಟ್ಯಾಂಕಲ್ಲಿ ಯೂ ಟರ್ನ್ ಹೊಡೆಯೋಕೂ ಜಾಗ ಇರಲ್ಲ. ಇದನ್ನ ತಗೊಳಿ."

ಅವನು ತೋರಿಸಿದ್ದು ಕಾಫಿಪುಡಿ ಬಣ್ಣದ, ದಪ್ಪ ತುಟಿಯ, ತಲೆಯ ಮೇಲೆ ಕಣ್ಣಿಟ್ಟುಕೊಂಡ, ಬ್ಲೆನ್ನಿ ಎಂಬ ಒಂದು ಮೀನು. ಅದು ಈಜುತ್ತಲೂ ಇರಲಿಲ್ಲ. ಎರಡು ರೆಕ್ಕೆಗಳನ್ನು ಕಲ್ಲಿನ ಮೇಲೆ ಊರಿಕೊಂಡು, ಕಾಂಪೌಂಡಿಗೆ ಮೊಣಕೈ ಊರಿ ಬೀದಿ ನೋಡುವ ನಿವೃತ್ತ ಹೆಡ್‌ಮಾಸ್ತರರ ಹಾಗೆ ನನ್ನನ್ನು ನೋಡುತ್ತಿತ್ತು. ತಿನ್ನುವುದನ್ನು ಕಣ್ಣಾರೆ ನೋಡದೆ ಮೀನು ಕೊಳ್ಳಬಾರದು ಎಂದು ಎಲ್ಲೋ ಓದಿದ್ದೆ. ಕೇಳಿದೆ. ಅವನು ಪಾಚಿ ಹಿಡಿದ ಒಂದು ಕಲ್ಲನ್ನು ಒಳಗಿಟ್ಟ. ಹೆಡ್‌ಮಾಸ್ತರರು ಧಾವಿಸಿ ಬಂದು ಕೆರೆಯತೊಡಗಿದರು.

"ಪ್ಯೂರ್ ವೆಜ್ ಮೇಡಂ," ಎಂದ ಅಂಗಡಿಯವನು. ನಮ್ಮ ಮನೆಗೆ ಅಷ್ಟು ಸಾಕಿತ್ತು.

ಮೀನು ಬಂದ ಮೂರನೇ ದಿನ ಗಾಜಿನ ಪಾಚಿಯ ಮೇಲೆಲ್ಲ ತುಟಿಗಳ ಗುರುತು. "ಗಾಜಿಗೆ ಯಾರಮ್ಮ ಮುತ್ತು ಕೊಟ್ಟಿದ್ದು?" ಎಂದು ಕೇಳಿದ ಮಾವ, ಕುರ್ಚಿಯನ್ನು ಟಿ.ವಿ.ಯ ಕಡೆಯಿಂದ ಟ್ಯಾಂಕಿನ ಕಡೆಗೆ ತಿರುಗಿಸಿಕೊಂಡರು. ಮನೆಯಲ್ಲಿ ಎಲ್ಲರ ಬಾಯಲ್ಲೂ ಮೀನಿಗೆ ಹೆಡ್‌ಮಾಸ್ತರರೆಂದೇ ಹೆಸರಾಯಿತು. ಇಬ್ಬರೂ ಗಂಟೆಗಟ್ಟಲೆ ಒಬ್ಬರನ್ನೊಬ್ಬರು ನೋಡುತ್ತ ಕೂರುವರು. ಮೊದಲು ಯಾರು ಕಣ್ಣು ತೆಗೆಯುತ್ತಿದ್ದರೋ ಗೊತ್ತಿಲ್ಲ.

ಮಾವ ನಲವತ್ತು ವರ್ಷ ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ನಡೆಸಿದವರು. ಆಯುಧಪೂಜೆಯ ದಿನ ಯಂತ್ರ ತಿರುಗಬಾರದು, ಪೂಜೆಗಿಟ್ಟ ಉಪಕರಣವನ್ನು ಮರುದಿನದವರೆಗೆ ಮುಟ್ಟಬಾರದು ಎಂಬುದು ಅವರ ನಿಯಮ. ಒಮ್ಮೆಯೂ ತಪ್ಪಿರಲಿಲ್ಲ. ಆ ವರ್ಷವೂ ಬೆಳಿಗ್ಗೆ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷೀನ್‌ಗಳ ಸ್ವಿಚ್ ಆರಿಸಿ, ಕುಂಕುಮ ಇಟ್ಟು, ತಮ್ಮ ಸ್ಪ್ಯಾನರ್, ಸ್ಕ್ರೂಡ್ರೈವರ್‌ಗಳನ್ನು ಮಣೆಯ ಮೇಲೆ ಸಾಲಾಗಿ ಜೋಡಿಸಿದರು. ಆಮೇಲೆ ನಾವೆಲ್ಲ ಅವರ ಹಳೆಯ ವರ್ಕ್‌ಶಾಪಿನ ಪೂಜೆಗೆ ಹೋಗಿ, ಮೂಡಲಪಾಳ್ಯದ ನೆಂಟರ ಮನೆಯಲ್ಲಿ ಊಟ ಮುಗಿಸಿ, ಕಡ್ಲೆಪುರಿಯ ಪೊಟ್ಟಣಗಳೊಂದಿಗೆ ಸಂಜೆ ಐದಕ್ಕೆ ವಾಪಸಾದೆವು.

ಟ್ಯಾಂಕಿನ ದೀಪ ಉರಿಯುತ್ತಿತ್ತು. ಆದರೆ ನೀರು ಅಲುಗಾಡುತ್ತಿರಲಿಲ್ಲ. ಮೀನು ಮೇಲಿನ ಮೂಲೆಯಲ್ಲಿ, ಬಾಯಿಯನ್ನು ನೀರಿನ ಅಂಚಿಗೆ ಒತ್ತಿಕೊಂಡು, ಓಡಿ ಬಂದವರ ಹಾಗೆ ಏದುತ್ತಿತ್ತು. ಪಂಪ್ ನೀರನ್ನು ಕದಡದಿದ್ದರೆ ಅದಕ್ಕೆ ಉಸಿರಿಲ್ಲ.

ಮೊದಲು ಟ್ಯಾಂಕಿನ ಹಿಂದೆ ಕೈ ಹಾಕಿದ್ದು ಮಾವ. ಏನೋ ಕಿತ್ತು ಏನೋ ಸಿಕ್ಕಿಸಿದರು. ಪಂಪ್ ಗುಂಯ್ ಅಂದಿತು, ತಿರುಗಲಿಲ್ಲ.

"ಅಪ್ಪಾ, ಇದನ್ನೂ ಆಫ್ ಮಾಡಿದ್ರಾ?" ಎಂದರು ನನ್ನ ಗಂಡ.

ಮಾವ ಪಂಪಿನ ಕಡೆಗೆ ಬಗ್ಗಿದರು. "ಒಳಗಡೆ ಉಪ್ಪು ಕಟ್ಕೊಂಡಿದೆ. ಬಿಚ್ಚಬೇಕು," ಎಂದರು. ಎಂದವರು ಮಣೆಯ ಕಡೆ ನೋಡಿದರು. ಹೂವು ಮುಡಿದ ಸ್ಕ್ರೂಡ್ರೈವರ್ ಅಲ್ಲಿ ಮಲಗಿತ್ತು.

ಅಂಗಡಿಗೆ ಫೋನ್ ಮಾಡಿದೆ. ಎತ್ತಲಿಲ್ಲ, ಅವರಿಗೂ ಹಬ್ಬ. ಪಕ್ಕದ ಮನೆಯಿಂದ ಸ್ಕ್ರೂಡ್ರೈವರ್ ತರೋಣವೆಂದರೆ ಅದಕ್ಕೂ ಪೂಜೆ ಆಗಿರುತ್ತದೆ. "ಚಾಕುವಿನ ತುದಿಯಲ್ಲಿ ಆಗುತ್ತಾ ಮಾವ?" ಎಂದೆ. "ಚಾಕೂ ಆಯುಧವೇ," ಎಂದರು ಮಾವ. ನಾನು ಸ್ಟೀಲ್ ಚೊಂಬಿನಲ್ಲಿ ಟ್ಯಾಂಕಿನ ನೀರೆತ್ತಿ, ಕಾಫಿ ಆರಿಸುವ ಹಾಗೆ ಎತ್ತರದಿಂದ ಸುರಿಯತೊಡಗಿದೆ. ಗಾಳಿ ಬೆರೆಯಲಿ ಎಂದು. ಸೀರೆ ನೆನೆಯಿತು, ನೆಲ ನೆನೆಯಿತು. ಮೀನು ಒಂದು ಪಕ್ಕಕ್ಕೆ ವಾಲಿತು.

ಅದನ್ನು ನೋಡಿ ಮಾವ ಮಣೆಯ ಮುಂದೆ ಹೋಗಿ ಕೈ ಮುಗಿದರು. ಗಟ್ಟಿಯಾಗಿಯೇ ಹೇಳಿದರು, "ತಪ್ಪಾಯ್ತಪ್ಪ. ಹೆಡ್‌ಮಾಸ್ತರ್ರು ಹೋಗ್ಬಿಡ್ತಾರೆ." ಹೂವನ್ನು ಪಕ್ಕಕ್ಕಿಟ್ಟು, ಕುಂಕುಮವನ್ನು ಪಂಚೆಗೆ ಒರೆಸಿ, ಪಂಪನ್ನು ಬಿಚ್ಚಿದರು. ಒಳಗಿನ ಪುಟ್ಟ ಚಕ್ರಕ್ಕೆ ಸುಣ್ಣದಂಥ ಬಿಳಿ ಪದರ. ಪೂಜೆಯಲ್ಲಿ ಸ್ಕೂಟರ್ ಚಕ್ರದಡಿ ಇಡಲು ತಂದು ಉಳಿದಿದ್ದ ನಿಂಬೆಹಣ್ಣು ಹಿಂಡಿ ತಿಕ್ಕಿದರು, ತೊಳೆದರು, ಮತ್ತೆ ಹಾಕಿದರು. ಪಂಪ್ ತಿರುಗಿತು. ನೀರು ಕದಡಿತು. ಅರ್ಧ ಗಂಟೆಗೆ ಮೀನು ನೆಟ್ಟಗಾಗಿ ತನ್ನ ಕಲ್ಲಿಗೆ ಇಳಿದು, ರೆಕ್ಕೆ ಊರಿಕೊಂಡು, ನಮ್ಮೆಲ್ಲರ ಕಡೆ ಅಸಮಾಧಾನದಿಂದ ನೋಡಿತು. ಮಾವ ಸ್ಕ್ರೂಡ್ರೈವರ್‌ಗೆ ಮತ್ತೆ ಕುಂಕುಮ ಇಟ್ಟರು.

ಅಂದು ಬೆಳಿಗ್ಗೆ ಮಾವನ ಕುಂಕುಮದ ಹೆಬ್ಬೆರಳು ಆ ಸ್ವಿಚ್ಚಿನ ಮೇಲಿದ್ದುದನ್ನು ಕಂಡೆ ಎಂದೇ ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆ ಬೆರಳು ಈಗಲೂ ನನಗೆ ಕಾಣುತ್ತದೆ. ಆದರೆ ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿದೆ: "ಸೀರಿಯಲ್ ಸೆಟ್ ಹಾಕಲು ಎಲ್ಲೂ ಪಾಯಿಂಟ್ ಖಾಲಿ ಇರಲಿಲ್ಲ. ಟ್ಯಾಂಕಿನ ಹಿಂದೆ ಒಂದು ಖಾಲಿ ಮಾಡಿಕೊಂಡೆ. ಲೈಟು ಚೆನ್ನಾಗಿ ಕಾಣುತ್ತೆ." ಟ್ಯಾಂಕಿನ ಹಿಂದೆ ಇರುವುದು ಎರಡೇ ಪಾಯಿಂಟ್, ಒಂದು ದೀಪದ್ದು, ಇನ್ನೊಂದು ಪಂಪಿನದು. ಎಂ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಬರೆದಿಟ್ಟದ್ದನ್ನು ನಂಬಬೇಕೋ, ಕಂಡದ್ದನ್ನೋ ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಉತ್ತರ ಬರೆದಿದ್ದೇನೆ. ಇಲ್ಲಿ ಅದು ಉಪಯೋಗಕ್ಕೆ ಬರಲಿಲ್ಲ.

ನಿನ್ನೆ ಸಂಜೆ ಡೈರಿ ಹಿಡಿದುಕೊಂಡು ಹೋಗಿ ಮಾವನಿಗೇ ಓದಿ ಹೇಳಿದೆ. "ಆಫ್ ಮಾಡಿದ್ದು ನಾನಿರಬಹುದು ಮಾವ."

"ಇರಬಹುದು ಏನು? ನಿನ್ನ ಸೀರಿಯಲ್ ಸೆಟ್ ಕಿತ್ತು ಪಂಪಿನ ಪ್ಲಗ್ ಹಾಕಿದ್ದೇ ನಾನು."

"ಮತ್ತೆ ಎರಡು ವರ್ಷ ಯಾಕೆ ಸುಮ್ಮನಿದ್ರಿ?"

ಮಾವ ಪೇಪರ್ ಮಡಿಸಿದರು. "ನೋಡಮ್ಮ, ಹಬ್ಬದ ದಿನ ಸ್ಕ್ರೂಡ್ರೈವರ್ ಎತ್ಬಿಟ್ಟೆ. ನಾನು ಮಾಡಿದ ತಪ್ಪಿಗೆ ನಾನೇ ಎತ್ತಿದೆ ಅಂದ್ರೆ ಒಂಥರಾ ಮರ್ಯಾದೆ. ಸೊಸೆ ಬಣ್ಣದ ಲೈಟ್ ಹಾಕೋಕೆ ಹೋಗಿ ನಾನು ನಿಯಮ ಮುರೀಬೇಕಾಯ್ತು ಅಂದ್ರೆ ನಂಗೆ ಹೊಟ್ಟೆ ಉರಿಯುತ್ತೆ."

"ಹಾಗಾದ್ರೆ ಇನ್ಮೇಲೆ ಬಂದವರಿಗೆ ಏನು ಹೇಳ್ಲಿ?"

ಅವರು ಮಡಿಸಿದ ಪೇಪರನ್ನು ಮತ್ತೆ ಬಿಡಿಸಿಕೊಂಡರು.

"ನಿಜಾನೇ ಹೇಳು. ವರ್ಕ್‌ಶಾಪಿನವರು ಬಂದ್ರೆ ಮಾತ್ರ ಹಳೇದೇ ಇರ್ಲಿ."