ಅಮಾತೆಪ್ಪ ನಿಂತಲ್ಲಿ ಬಾಗಿಲು

ಯಾದಗಿರಿ ನಿಲ್ದಾಣದ ನೀರಿನ ನಳದಿಂದ ಏಳು ಹೆಜ್ಜೆ ಆಚೆ ಅಮಾತೆಪ್ಪ ನಿಂತನೆಂದರೆ, ಕಲಬುರಗಿ ರೈಲಿನ ಬಾಗಿಲು ಅವನ ಮೂಗಿನೆದುರಿಗೇ ಬಂದು ನಿಲ್ಲುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೆ ನಡೆದದ್ದರಿಂದ ಇದನ್ನು ಅವನು ತನ್ನ ವಿದ್ಯೆಯೆಂದೇ ನಂಬಿದ್ದ. ಕಲಬುರಗಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅವನು ಅಟೆಂಡರ್. ಪರಿಸ್ಥಿತಿ ಬದಲಾದರೆ ಫಲಿತಾಂಶವೂ ಬದಲಾದೀತೆಂಬ ಮಾತು ಅಲ್ಲಿ ದಿನಾ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿದಿರಲಿಲ್ಲ. ಶಹಾಪುರ, ಸುರಪುರದ ಬಸ್ಸಿಳಿದು ಬರುವವರೂ ವಿಚಾರಿಸುವ ಗೋಜಿಗೆ ಹೋಗದೆ ಅವನ ಬೆನ್ನ ಹಿಂದೆ ಸಾಲುಗಟ್ಟುತ್ತಿದ್ದರು.

ಆ ವಾರ ಹಳಿ ಕೆಲಸಕ್ಕೆಂದು ಎರಡು ರೈಲು ರದ್ದಾಗಿ, ಮೂರು ರೈಲಿನ ಜನಕ್ಕೆ ಒಂದೇ ಉಳಿದಿತ್ತು; ಅದೂ ಬೇರೆ ದಾರಿಯಿಂದ ಸುತ್ತಿ ಬರುವ ಗಾಡಿ. ಧ್ವನಿವರ್ಧಕ ಐದೈದು ನಿಮಿಷಕ್ಕೆ ವಿಷಾದ ವ್ಯಕ್ತಪಡಿಸುತ್ತಿತ್ತು. ಅಷ್ಟು ವಿಷಾದವನ್ನು ಒಂದು ಹೆಚ್ಚುವರಿ ಡಬ್ಬಿಯಾಗಿ ಪರಿವರ್ತಿಸುವ ವಿಧಾನ ಇನ್ನೂ ಪತ್ತೆಯಾಗಿಲ್ಲ.

ಅಂದು ಹತ್ತಕ್ಕೆ ಪ್ರಾಯೋಗಿಕ ಪರೀಕ್ಷೆ. ಪ್ರಯೋಗಾಲಯದ ಚಾವಿ ಒಂದೇ, ಅಮಾತೆಪ್ಪನ ಉಡಿದಾರದಲ್ಲಿ. ಇನ್ನೊಂದು ಮಾಡಿಸೋಣವೆಂದು, ಅದೇ ರೈಲಿನಲ್ಲಿ ಯಾದಗಿರಿಯಿಂದ ಓಡಾಡುವ ಉಪನ್ಯಾಸಕಿ ಪರಿಮಳಾ ಕೇಳಿದಾಗ, "ನಾ ಒಂದಿನಾನರ ತಡಾ ಮಾಡೀನೇನ್ರಿ ಮೇಡಂ?" ಎಂದು ಬಾಯಿ ಮುಚ್ಚಿಸಿದ್ದ.

"ಯಪ್ಪಾ, ಜನ ಎಲ್ಲಾ ಆ ಕಡಿ ಓಡಾಕತ್ತಾರಲ್ಲೋ," ಎಂದಳು ಕಲಬುರಗಿ ದವಾಖಾನೆಗೆ ಹೊರಟಿದ್ದ ದೋರನಹಳ್ಳಿಯ ಲಾಲಮ್ಮ.

"ಓಡ್ಲಿ ಬಿಡಬೇ, ಹೊಸಬ್ರು ಅವ್ರು. ನೀ ನನ್ನ ಹಿಂದ ನಿಂದ್ರು."

ಗಾಡಿ ಬಂತು. ಸುತ್ತುದಾರಿಯಲ್ಲಿ ಎಂಜಿನ್ ಈ ತುದಿಯಿಂದ ಆ ತುದಿಗೆ ಬದಲಾಗಿ, ಡಬ್ಬಿಗಳ ಸಾಲು ತಿರುಗುಮುರುಗಾಗಿತ್ತು. ಅಮಾತೆಪ್ಪನ ಮೂಗಿನೆದುರು ಕರಾರುವಾಕ್ಕಾಗಿ ಬಂದು ನಿಂತದ್ದು, ಬೀಗ ಜಡಿದ ಸರಕಿನ ಡಬ್ಬಿಯ ಬಾಗಿಲು.

"ಬಾಗ್ಲೇನೋ ಬಂತು ನೋಡಪ," ಎಂದಳು ಲಾಲಮ್ಮ. "ಇನ್ನ ನೀನ ತೆಗಿ."

ಹಿಂದಿದ್ದವರು ಬೈಯುತ್ತ ಚದುರಿದರು. ಅಮಾತೆಪ್ಪ ಓಡಿ ಸಾಮಾನ್ಯ ಡಬ್ಬಿ ಮುಟ್ಟುವಷ್ಟರಲ್ಲಿ ಅದರ ಬಾಗಿಲು ಬೆನ್ನುಗಳಿಂದ ಮುಚ್ಚಿತ್ತು. ಅರೆಗಳಿಗೆಯ ಹಿಂದೆ ಜಾಗಕ್ಕಾಗಿ ಗೋಗರೆದವರೇ ಈಗ ಒಳಗಿನಿಂದ, "ಜಾಗಿಲ್ಲ, ಹಿಂದ ಹೋಗ್ರಿ," ಎಂದು ಗದರುತ್ತಿದ್ದರು. ಒಳಗೊಂದು ಕಾಲು ಊರಿದೊಡನೆ ಮನುಷ್ಯನಿಗೆ ಹೊರಗಿನವರೆಲ್ಲ ದಂಡಪಿಂಡಗಳಾಗಿ ಕಾಣತೊಡಗುತ್ತಾರೆ.

ಡಬ್ಬಿಯ ಕಿಟಕಿಯೊಳಗೆ ಪರಿಮಳಾ ಅವರ ಮುಖ ಕಂಡಿತು. ಅಮಾತೆಪ್ಪ ಚಾವಿ ಬಿಚ್ಚಿ ಸರಳುಗಳ ನಡುವೆ ತೂರಿಸಿದ. ಯಾವುದೋ ಕೈ ಅದನ್ನು ಹಿಡಿಯಿತು.

"ಆ ಹಳದಿ ಸೀರಿ ಮೇಡಂಗ ಕೊಡ್ರಿ."

"ಇಲ್ಲಿ ಸೀರಿ ಎಲ್ಲಿ ಕಾಣತೈತ್ರಿ, ಬರೇ ತಲಿ ಕಾಣ್ತಾವ," ಎಂದಿತು ಒಳಗಿನ ದನಿ. ಗಾಡಿ ಹೊರಟಿತು.

ಅಮಾತೆಪ್ಪ ಬಸ್ಸು ಹಿಡಿದ. ಅಲ್ಲಿಯೂ ನಿಂತೇ ಪ್ರಯಾಣ, ಪಕ್ಕದಲ್ಲಿ ಲಾಲಮ್ಮ. ಅರ್ಧ ತಾಸಿಗೆ ಫೋನ್ ಮಾಡಿದ.

"ಚಾವಿ ಮುಟ್ತೇನ್ರಿ ಮೇಡಂ?"

"ಮ್ಯಾಲಿನ ಬರ್ತಿಗಿ ಹೋಗೇತಂತ್ರಿ. ಕೆಳಗ ಇಳಸಾಕ ಜಾಗಿಲ್ಲ."

ಮುಂದಿನ ಒಂದೂವರೆ ತಾಸು ಅವನು ಮೂವತ್ತು ವಿದ್ಯಾರ್ಥಿಗಳು ಬೀಗದ ಮುಂದೆ ಕುಳಿತಿರುವುದನ್ನು ಕಲ್ಪಿಸಿಕೊಂಡ. ಆ ಕಲ್ಪನೆಯಲ್ಲಿ ಆತಂಕವಿತ್ತು. ಎಲ್ಲರೂ ದಾರಿ ಕಾಯುತ್ತಿರುವುದು ತನ್ನದೇ ಎಂಬ ಸಣ್ಣ ಸುಖವೂ ಇತ್ತು. ಹತ್ತಕ್ಕೆ ಐದು ನಿಮಿಷವಿರುವಾಗ ಪರಿಮಳಾ ಅವರೇ ಫೋನ್ ಮಾಡಿದರು.

"ಕಲಬುರಗಿ ಬಂದಮ್ಯಾಲೆ ಸಿಕ್ತರಿ. ಬಾಗ್ಲ ತೆಗದೀವಿ, ಹುಡುಗರು ಎಲ್ಲಾ ಹೊಂದಿಸ್ಯಾರ. ನೀವು ಸಾವಕಾಶ ಬರ್ರಿ, ಅವಸರಿಲ್ಲ."

ಅಮಾತೆಪ್ಪ ಫೋನನ್ನು ಜೇಬಿಗಿಳಿಸಿದ.

"ಏನಂತಪ?" ಎಂದು ಕೇಳಿದಳು ಲಾಲಮ್ಮ.

"ಲಗೂನ ಬಾ ಅಂತಾರಬೇ. ನಾ ಹೋಗೂತನಕ ಏನೂ ನಡ್ಯಾಂಗಿಲ್ಲಂತ."