ಬಾಣಂತಿ ಖುದ್ದು ಬರಬೇಕು

ನಮ್ಮ ಅತ್ತಿಗೆ ಹುಟ್ಟಿದ್ದು ಕೊಲಂಬೊದಲ್ಲಿ. ಅವರಪ್ಪ ಅಲ್ಲಿ ಇಡ್ಲಿ ಹೋಟೆಲ್ ಇಟ್ಟಿದ್ದರು. ಅಷ್ಟೇ ತಪ್ಪಿಗೆ, ಅಣ್ಣನ ಕೈಹಿಡಿದು ರಾಜಾಜಿನಗರಕ್ಕೆ ಬಂದ ಮೇಲೂ ಸರ್ಕಾರದ ಕಣ್ಣಿಗೆ ಅವರು ಹೊರದೇಶದವರು. ಹೊರಗಿನವರು ಯಾರು ಬರಬೇಕು, ಎಷ್ಟು ದಿನ ಇರಬೇಕು, ಯಾವಾಗ ಹೊರಡಬೇಕು ಎಂದು ತೀರ್ಮಾನಿಸುವ ಇಲಾಖೆಯವರು ವರ್ಷಕ್ಕೊಮ್ಮೆ ಮುದ್ರೆ ಒತ್ತಿದರೆ ಅತ್ತಿಗೆ ನಮ್ಮನೆಯಲ್ಲಿ ಸಾರು ಮಾಡಿಕೊಂಡು ಇರಬಹುದು. ಒತ್ತದಿದ್ದರೆ ಗಂಟುಮೂಟೆ ಕಟ್ಟಬೇಕು. ದೇಶದ ಗಡಿ ಕಾಯುವುದೆಂದರೆ ಇದು ಎಂದು ನನಗೆ ಗೊತ್ತಾಗಿದ್ದು ಹಾಗೆ.

ಎಪ್ಪತ್ತರ ದಶಕದ ಒಂದು ವರ್ಷ ಗಡುವು ಮುಗಿಯುವ ಹೊತ್ತಿಗೆ ಅತ್ತಿಗೆ ಹೆತ್ತು ತಿಂಗಳೂ ಆಗಿರಲಿಲ್ಲ. ಅಣ್ಣನಿಗೆ ಮಿಲ್ಲಿನಲ್ಲಿ ರಜೆ ಸಿಗದೆ ಕಾಗದಪತ್ರ ಹಿಡಿದು ನಾನೇ ಹೋದೆ.

"ಬಾಣಂತಿ ಸಾರ್, ಹೊಸಿಲು ದಾಟಿಸೋ ಹಾಗಿಲ್ಲ," ಅಂದೆ.

ಆಫೀಸರು ತಲೆಯನ್ನೂ ಎತ್ತಲಿಲ್ಲ. "ಅದೆಲ್ಲ ನಿಮ್ಮನೆ ಶಾಸ್ತ್ರ. ಕಾನೂನಿಗೆ ಗೊತ್ತಿಲ್ಲಮ್ಮ. ಶುಕ್ರವಾರ ಖುದ್ದು ಬರ್ಬೇಕು. ಇಲ್ಲಾಂದ್ರೆ ದೇಶ ಬಿಡೋಕೆ ನೋಟೀಸ್ ಬರುತ್ತೆ."

ಅಮ್ಮ ಅವನ ಏಳು ತಲೆಮಾರನ್ನು ಬೈಯುತ್ತಲೇ ಅತ್ತಿಗೆಯ ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಬಿಗಿದು, ಮಗುವಿನ ಸಮೇತ ನಮ್ಮನ್ನು ಆಟೋ ಹತ್ತಿಸಿದರು. ಕಚೇರಿ ಮುಟ್ಟಿದಾಗ ಹತ್ತೂವರೆ ದಾಟಿತ್ತು. ಅವನು ಪೆನ್ನು ತೆಗೆದ, ಗೋಡೆಯ ಗಡಿಯಾರ ನೋಡಿದ, ಪೆನ್ನಿಗೆ ಮುಚ್ಚಳ ಹಾಕಿದ.

"ರಾಹುಕಾಲ ಶುರುವಾಗೋಯ್ತಲ್ಲಮ್ಮ. ಈ ಹೊತ್ತಲ್ಲಿ ನಾನು ಯಾವ ಕಾಗದಕ್ಕೂ ಸೈನ್ ಹಾಕಲ್ಲ. ಹನ್ನೆರಡಾಗ್ಲಿ, ಕೂತಿರಿ. ನಿಮ್ಮೊಳ್ಳೇದಕ್ಕೇ ಹೇಳ್ತಿರೋದು."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮನೆ ಶಾಸ್ತ್ರ ಕಾನೂನಿಗೆ ಗೊತ್ತಿಲ್ಲ; ಅವನ ಮನೆ ಶಾಸ್ತ್ರಕ್ಕೆ ಮಾತ್ರ ಕಾನೂನು ಕೈಕಟ್ಟಿ ಕೂರಬೇಕು! ಶುಕ್ರವಾರ ಆ ಹೊತ್ತಿನಲ್ಲಿ ಶತ್ರುಸೈನ್ಯವೇ ನುಗ್ಗಿದರೂ ಈ ಮಹಾನುಭಾವ ಪಂಚಾಂಗ ನೋಡಿಯೇ ಏಳುತ್ತಿದ್ದನೇನೋ. ಕಾಫಿ ಮಾತ್ರ ತರಿಸಿಕೊಂಡ. ಕಾಫಿಗೆ ರಾಹುವಿನ ಅಡ್ಡಿ ಇದ್ದ ಹಾಗೆ ಕಾಣಲಿಲ್ಲ. ಅತ್ತಿಗೆ ಮರದ ಬೆಂಚಿನ ಮೇಲೆ ಗೋಡೆಯ ಕಡೆ ತಿರುಗಿ, ನಾನು ಹಿಡಿದ ಸೆರಗಿನ ಮರೆಯಲ್ಲಿ ಮಗುವಿಗೆ ಹಾಲು ಕುಡಿಸಿದರು.

ಹನ್ನೆರಡಾದ ಮೇಲೆ ಕರೆದ. ಅಷ್ಟರಲ್ಲಿ ಅವನಿಗೆ ದಯೆ ಉಕ್ಕಿಬಿಟ್ಟಿತ್ತು.

"ಮಗು ಇಲ್ಲೇ ಹುಟ್ಟಿದ್ದಲ್ವಾ? ಹಾಗಾದ್ರೆ ಅದು ಇಂಡಿಯಾದ್ದೇ. ಹೆದರ್ಬೇಡಿ. ನಾಳೆ ನಿಮ್ಮನ್ನ ವಾಪಸ್ ಕಳಿಸ್ಬೇಕಾಗಿ ಬಂದ್ರೂ ಅದು ಆರಾಮಾಗಿ ಇಲ್ಲೇ ಇರ್ಬಹುದು."

ಅತ್ತಿಗೆ ನಮ್ಮಮ್ಮನ ಎದುರು ಒಂದು ದಿನವೂ ದನಿ ಎತ್ತಿದವರಲ್ಲ. ಮಗುವನ್ನು ಎದೆಗೊತ್ತಿಕೊಂಡು ನೆಟ್ಟಗೆ ಅವನ ಮುಖ ನೋಡಿದರು.

"ಇರುತ್ತೆ ಸಾರ್. ಹಾಲು ಯಾರು ಕುಡಿಸ್ತಾರೆ, ನೀವಾ?"

ಬಾಗಿಲಲ್ಲಿದ್ದ ಪೇದೆ ನಗು ತಡೆಯಲಾರದೆ ಹೊರಗೆ ಹೋದ. ಆಫೀಸರ ಮುಖ ಕೆಂಪಗಾಯಿತು. ಪ್ರತಿ ಸಲ ವರ್ಷಕ್ಕೆ ಕೊಡುತ್ತಿದ್ದ ಪರವಾನಗಿಯನ್ನು ಆರೇ ತಿಂಗಳಿಗೆ ಇಳಿಸಿ, ಮುದ್ರೆ ಕುಟ್ಟಿ, ಪಾಸ್‌ಪೋರ್ಟನ್ನು ನಮ್ಮ ಕಡೆ ಎಸೆದ. ಅಷ್ಟು ಹೊತ್ತಿಗೆ ಮಗು ಹಾಲು ಬಿಟ್ಟಿರುತ್ತದೆ ಎಂದುಕೊಂಡಿರಬೇಕು.